ಮೆಕ್ಸಿಕನ್ನರು ಅಮೆರಿಕಕ್ಕೆ ಹೋಗಿದ್ದು ಹೇಗೆ, ಅಲ್ಲೇ ಉಳಿದಿದ್ದು ಯಾಕೆ?

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಮೆಕ್ಸಿಕೋ ಗಡಿಯ ಬೇಲಿ ಸುದ್ದಿಯಾಗುತ್ತದೆ. ಬಡವರು ಕೆಲಸಕ್ಕಾಗಿ ನುಗ್ಗುತ್ತಿದ್ದಾರೆ, ಅಷ್ಟೇ ಕತೆ ಅನ್ನಿಸುತ್ತದೆ. ಆದರೆ ಅವರನ್ನು ಕರೆದವರೂ ಇದ್ದರಲ್ವಾ?

ಹಳೆಯದನ್ನು ಬೇಗ ಮುಗಿಸೋಣ. 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಸೇರಿ ಮೆಕ್ಸಿಕೋದ ದೊಡ್ಡ ಭಾಗ ಅಮೆರಿಕದ ಪಾಲಾಯಿತು, 1910ರ ಕ್ರಾಂತಿಯ ಗಲಾಟೆಯಲ್ಲಿ ಜನ ಉತ್ತರಕ್ಕೆ ಹೋದರು, 1930ರ ದಶಕದಲ್ಲಿ ಕೆಲಸ ಇಲ್ಲವಾದಾಗ ಲಕ್ಷಾಂತರ ಮಂದಿಯನ್ನು ವಾಪಸ್ ಕಳಿಸಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಇದ್ದರು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಅಮೆರಿಕದಲ್ಲಿ ಹೊಲಕ್ಕೆ ಆಳು ಸಿಗಲಿಲ್ಲ. 1942ರಲ್ಲಿ ಎರಡೂ ಸರ್ಕಾರಗಳು ಸೇರಿ ಮೆಕ್ಸಿಕೋದ ಕೂಲಿಗಳನ್ನು ಕರಾರಿನ ಮೇಲೆ ಕರೆಸುವ ಬ್ರಸೇರೋ ಯೋಜನೆ ಶುರು ಮಾಡಿದವು. 1964ರವರೆಗೆ ಸುಮಾರು 46 ಲಕ್ಷ ಕರಾರುಗಳಾದವು, ಒಬ್ಬನೇ ಹಲವು ಸಲ ಹೋಗಿ ಬರುತ್ತಿದ್ದ. ಆಳು ಆರಿಸುವವರು ಅಂಗೈ ಮುಟ್ಟಿ ನೋಡುತ್ತಿದ್ದರು, ಜಡ್ಡುಗಟ್ಟಿದ್ದರೆ ರೈತ ಅಂತ ಲೆಕ್ಕ. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಡಿಡಿಟಿ ಪುಡಿ ಹೊಡೆಯುತ್ತಿದ್ದರು. ಬೀಟ್, ಲೆಟ್ಯೂಸ್ ಹೊಲದಲ್ಲಿ ಕೈಗೆ ಕೊಡುತ್ತಿದ್ದುದು ಗಿಡ್ಡ ಹಿಡಿಯ ಗುದ್ದಲಿ. ದಿನವಿಡೀ ಸೊಂಟ ಬಗ್ಗಿಸಿಯೇ ಕೆಲಸ. ಯಾರಾದರೂ ನೆಟ್ಟಗೆ ನಿಂತರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಕ್ಯಾಲಿಫೋರ್ನಿಯಾ ಆ ಗುದ್ದಲಿಯನ್ನು ನಿಷೇಧಿಸಿದ್ದು 1975ರಲ್ಲಿ! ಇನ್ನು ಮೊದಲ ವರ್ಷಗಳಲ್ಲಿ ಉಳಿತಾಯ ಅಂತ ಹಿಡಿದ ಶೇ. 10ರಷ್ಟು ಕೂಲಿ ಎಷ್ಟೋ ಜನರ ಕೈ ಸೇರಲೇ ಇಲ್ಲ.

ಕಾಗದವಿಲ್ಲದೆ, ಅಂದರೆ ಸರ್ಕಾರದ ಅನುಮತಿಯಿಲ್ಲದೆ ಬಂದವರೂ ಅದೇ ಹೊಲಗಳಲ್ಲಿ ದುಡಿಯುತ್ತಿದ್ದರು. 1954ರಲ್ಲಿ ಅವರನ್ನು ಹಿಡಿಹಿಡಿದು ಲಾರಿ, ರೈಲು ಹತ್ತಿಸಿ ಸಾಗಿಸಿದರು. ಅದೇ ಕಾಲದಲ್ಲಿ ಬ್ರಸೇರೋ ಕರಾರುಗಳು ಏರುತ್ತಲೇ ಇದ್ದವು.

1964ಕ್ಕೆ ಯೋಜನೆ ನಿಂತಿತು. ಬೆಳೆ ನಿಲ್ಲಲಿಲ್ಲ. ಮೆಕ್ಸಿಕೋದ ಹಲಿಸ್ಕೋ, ಮಿಚೊವಾಕನ್, ಗ್ವಾನಾಹ್ವಾತೋ ಕಡೆಯ ಹಳ್ಳಿಗಳಲ್ಲಿ ಯಾವ ಊರಿನ ಯಾವ ತೋಟದಲ್ಲಿ ಕೆಲಸವಿದೆ ಅಂತ ಅಪ್ಪನಿಂದ ಮಗನಿಗೆ ಗೊತ್ತಾಗಿಬಿಟ್ಟಿತ್ತು, ಹೋಗಲು ಕಾಗದ ಮಾತ್ರ ಇರಲಿಲ್ಲ. 1976ರಲ್ಲಿ ಮೆಕ್ಸಿಕೋಗೂ ವರ್ಷಕ್ಕೆ 20,000 ವೀಸಾಗಳ ಮಿತಿ ಬಂತು. ನಮ್ಮ ಬೆಂಗಳೂರಿನ ಹುಡುಗರು ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಕಾಯುವುದೂ ಇಂಥದೇ ದೇಶವಾರು ಮಿತಿಯಿಂದ. ಪಕ್ಕದ ಮನೆಗೂ ಸಮುದ್ರದಾಚೆಯ ಮನೆಗೂ ಒಂದೇ ಅಳತೆ.

ಆದರೂ ಹೆಚ್ಚಿನವರು ಸುಗ್ಗಿ ಮುಗಿಸಿ ಊರಿಗೆ ಮರಳುತ್ತಿದ್ದರು. 1986ರ ಕಾನೂನಿನಲ್ಲಿ ಸುಮಾರು 23 ಲಕ್ಷ ಮೆಕ್ಸಿಕನ್ನರಿಗೆ ಕಾಗದ ಸಿಕ್ಕಿತು. 1993ರಲ್ಲಿ ಎಲ್ ಪಾಸೋ, ಮರುವರ್ಷ ಸ್ಯಾನ್ ಡಿಯಾಗೋ ಬಳಿ ಗಡಿಕಾವಲು ಬಿಗಿಯಾಯಿತು. ದಾಟುವವರು ಅರಿಜೋನಾದ ಮರುಭೂಮಿ ಹಿಡಿದರು, ದಾಟಿಸುವ ದಲ್ಲಾಳಿಗಳ ರೇಟು ಏರಿತು, ಪ್ರಾಣವೂ ಹೋಗತೊಡಗಿತು. ಇಷ್ಟು ಕಷ್ಟಪಟ್ಟು ಬಂದವನು ಊರಿಗೆ ಯಾಕೆ ಮರಳುತ್ತಾನೆ? ಹೆಂಡತಿ ಮಕ್ಕಳನ್ನೇ ಕರೆಸಿಕೊಂಡ. ಬರುವವರನ್ನು ತಡೆಯಲು ಹಾಕಿದ ಬೇಲಿ ಬಂದವರನ್ನು ಒಳಗೇ ಕೂಡಿಹಾಕಿತು. ಅದೇ 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದ ಜಾರಿಯಾಗಿ ಅಮೆರಿಕದ ಅಗ್ಗದ ಮೆಕ್ಕೆಜೋಳ ಮೆಕ್ಸಿಕೋಗೆ ಹರಿಯಿತು, ಡಿಸೆಂಬರ್‌ನಲ್ಲಿ ಅಲ್ಲಿನ ಹಣ ಪೆಸೊ ಕುಸಿಯಿತು. ಊರಲ್ಲಿ ಬದುಕುವುದೂ ಕಷ್ಟವಾಯಿತು.

2007ರ ಹೊತ್ತಿಗೆ ಕಾಗದವಿಲ್ಲದ ಮೆಕ್ಸಿಕನ್ನರು ಸುಮಾರು 69 ಲಕ್ಷ. ಆಮೇಲೆ ಆ ಸಂಖ್ಯೆ ಇಳಿಯಿತು. ಅಮೆರಿಕದಲ್ಲಿ ಕಟ್ಟಡ ಕೆಲಸ ನಿಂತಿತ್ತು, ಮೆಕ್ಸಿಕೋದಲ್ಲಿ ಮನೆಗೆ ಎರಡೇ ಮಕ್ಕಳಾಗತೊಡಗಿದ್ದರು. ಈಗ ಹೊಲದ ಕೆಲಸಕ್ಕೆ ಎಚ್-2ಎ ವೀಸಾ ಇದೆ, ಅದರಲ್ಲಿ ಬರುವವರು ಬಹುಪಾಲು ಮೆಕ್ಸಿಕನ್ನರೇ. ಒಂದು ಸುಗ್ಗಿ, ಒಬ್ಬ ಮಾಲೀಕ, ಮುಗಿದ ಮೇಲೆ ವಾಪಸ್.