‘ಸಿನ್ಸ್ ಹೌ ಮೆನಿ ಡೇಸ್’ ಬಿಡಿ: ಪೇಷಂಟ್ ಹಿಸ್ಟರಿ ಕೇಳೋ ಇಂಗ್ಲಿಷ್

ಓಇಟಿ (ನರ್ಸ್, ಡಾಕ್ಟರ್ ಥರದವರ ಇಂಗ್ಲಿಷ್ ಪರೀಕ್ಷೆ) ನರ್ಸಿಂಗ್ ಸ್ಪೀಕಿಂಗ್‌ಗೆ ಓದ್ತಿರೋರಿಗೆ ನನ್ನ ನೋಟ್ಸು. ನರ್ಸ್ ಆಗಿ ಪೇಷಂಟ್ ಜೊತೆ ಮಾತಾಡೋ ಎರಡು ರೋಲ್‌ಪ್ಲೇ ಇರತ್ತೆ, ಒಂದೊಂದಕ್ಕೂ ಸನ್ನಿವೇಶ ಬರೆದಿರೋ ಕಾರ್ಡ್ ಓದ್ಕೊಳಕ್ಕೆ 3 ನಿಮಿಷ, ಮಾತಾಡಕ್ಕೆ ಸುಮಾರು 5 ನಿಮಿಷ, ಅಷ್ಟರಲ್ಲಿ ತಲೆಯೊಳಗೆ ಕನ್ನಡದಿಂದ ಇಂಗ್ಲಿಷಿಗೆ ವಾಕ್ಯ ಜೋಡಿಸ್ತಾ ಕೂತ್ರೆ ಮುಗೀತು ಕಥೆ.

ನಾವು ಜಾಸ್ತಿ ಎಡವೋದು ಇಲ್ಲಿ. ವಾರ್ಡಲ್ಲಿ ದಿನಾ ‘ಎಷ್ಟು ದಿನದಿಂದ ಜ್ವರ ಇದೆ ಅಜ್ಜಿ’ ಅಂತ ಕೇಳಿ ಕೇಳಿ ಬಾಯಿಗೆ ‘ಸಿನ್ಸ್ ಹೌ ಮೆನಿ ಡೇಸ್ ಯು ಆರ್ ಹ್ಯಾವಿಂಗ್ ಫೀವರ್’ ಅಂತಾನೇ ಬರತ್ತೆ. ನಮಗೆ ‘ಸೋಮವಾರದಿಂದ’, ‘ಮೂರು ದಿನದಿಂದ’ ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಲ್ಲಿ ಶುರುವಾದ ದಿನ ಹೇಳೋವಾಗ ‘ಸಿನ್ಸ್ ಮಂಡೇ’, ಎಷ್ಟು ದಿನ ಅಂತ ಹೇಳೋವಾಗ ‘ಫಾರ್ ತ್ರೀ ಡೇಸ್’. ಇನ್ನು ನಮ್ಮ ‘ಇದೆ’ಗೆ ಅಲ್ಲಿ ‘ಹ್ಯಾವ್ ಹ್ಯಾಡ್’ ಬೇಕು: ‘ಹೌ ಲಾಂಗ್ ಹ್ಯಾವ್ ಯು ಹ್ಯಾಡ್ ದ ಫೀವರ್?’ ಇದೊಂದನ್ನ ಬಾಯಿಪಾಠ ಮಾಡಿ, ಜ್ವರ ತೆಗ್ದು ಕೆಮ್ಮು, ನೋವು, ಊತ ಏನ್ ಬೇಕಾದ್ರೂ ಹಾಕ್ಕೊಳಿ.

ವಿಜಯನಗರದ ಪಿಜಿಲಿ ರೂಮ್‌ಮೇಟ್ ಪೇಷಂಟ್ ಆಗಿ ಕೂತಿದ್ಲು, ನಾನು ಗಂಭೀರವಾಗಿ ‘ಡು ಯು ಹ್ಯಾವ್ ಶುಗರ್?’ ಅಂದೆ. ಅವಳು ‘ಟೂ ಸ್ಪೂನ್ಸ್, ಪ್ಲೀಸ್’ ಅಂದ್ಲು. ಟೀ ಕುಡಿಯೋವಾಗೆಲ್ಲ ಈಗ್ಲೂ ರೇಗಿಸ್ತಾಳೆ. ‘ಹ್ಯಾವ್ ಯು ಎವರ್ ಬೀನ್ ಟೋಲ್ಡ್ ಯು ಹ್ಯಾವ್ ಡಯಾಬಿಟಿಸ್?’ ಅಂತ ಕೇಳ್ಬೇಕಿತ್ತು. ಬಿಪಿ ಎಲ್ಲರಿಗೂ ಇರತ್ತೆ, ‘ಹೈ ಬ್ಲಡ್ ಪ್ರೆಶರ್’ ಅನ್ನಿ. ‘ಮೋಷನ್ ಆಯ್ತಾ’ ಅನ್ನೋದಕ್ಕೆ ‘ಹ್ಯಾವ್ ಯು ಓಪನ್ಡ್ ಯುವರ್ ಬವೆಲ್ಸ್ ಟುಡೇ?’, ಲೂಸ್ ಮೋಷನ್‌ಗೆ ‘ಡಯೇರಿಯಾ’. ಬ್ರಿಟನ್‌ನಲ್ಲಿ ‘ಹ್ಯಾವ್ ಯು ಬೀನ್ ಸಿಕ್?’ ಅಂದ್ರೆ ಸಾಮಾನ್ಯವಾಗಿ ವಾಂತಿ ಆಯ್ತಾ ಅಂತ, ಹುಷಾರಿಲ್ವಾ ಅಂತಲ್ಲ, ಇದು ನಂಗೆ ತುಂಬಾ ತಡವಾಗಿ ಗೊತ್ತಾಯ್ತು.

ನೋವಿನ ವಿಷ್ಯದಲ್ಲಿ ನಮ್ಮ ಕನ್ನಡಾನೇ ಕೈ ಹಿಡಿಯತ್ತೆ, ಚುಚ್ಚತ್ತಾ, ಉರಿಯತ್ತಾ, ಹಿಂಡಿದಂಗೆ ಆಗತ್ತಾ ಅಂತ ನಾವು ಬಿಡಿಸಿ ಬಿಡಿಸಿ ಕೇಳ್ತೀವಲ್ಲ, ಅವೇ ‘ಸ್ಟ್ಯಾಬಿಂಗ್’, ‘ಬರ್ನಿಂಗ್’, ‘ಸ್ಕ್ವೀಝಿಂಗ್’. ಆದ್ರೆ ಮೊದಲೇ ಈ ಮೂರನ್ನೂ ಒಟ್ಟಿಗೆ ಸುರೀಬೇಡಿ. ‘ಕುಡ್ ಯು ಟೆಲ್ ಮಿ ಎ ಬಿಟ್ ಮೋರ್ ಅಬೌಟ್ ದ ಪೇನ್?’ ಅಂದು ಸುಮ್ನಿರಿ, ಪೇಷಂಟ್ ಅರ್ಧ ತಾವೇ ಹೇಳ್ಬಿಡ್ತಾರೆ. ‘ರೇಡಿಯೇಟ್’ ನಮ್ಮ ಟೆಕ್ಸ್ಟ್‌ಬುಕ್ಕಿಗಿರ್ಲಿ, ಪೇಷಂಟಿಗೆ ‘ಡಸ್ ಇಟ್ ಸ್ಪ್ರೆಡ್ ಎನಿವೇರ್?’ ಸಾಕು.

ತಲೆ ಸುತ್ತು ಅಂದ್ರೆ ಮಾತ್ರ ಎರಡು ಥರ. ರೂಮೇ ತಿರುಗ್ತಿದ್ಯಾ ಅನ್ನೋದಕ್ಕೆ ‘ಈಸ್ ದ ರೂಮ್ ಸ್ಪಿನ್ನಿಂಗ್?’, ಕಣ್ಣು ಕತ್ತಲೆ ಬಂದು ಬೀಳೋ ಹಂಗಾಗತ್ತಾ ಅನ್ನೋದಕ್ಕೆ ‘ಡು ಯು ಫೀಲ್ ಆಸ್ ಇಫ್ ಯು ಮೈಟ್ ಫೇಂಟ್?’ ಕಾರಣಗಳು ಬೇರೆಬೇರೆ ಇರಬಹುದು, ಅದಕ್ಕೇ ಬಿಡಿಸಿ ಕೇಳೋದು.

‘ಎನಿ ಬ್ಯಾಡ್ ಹ್ಯಾಬಿಟ್ಸ್?’ ದಯವಿಟ್ಟು ಬೇಡ, ಕೇಳೋಕ್ ಮುಂಚೇನೇ ಬೈದಂಗೆ ಆಗತ್ತೆ. ‘ಐ ಆಸ್ಕ್ ಎವರಿವನ್ ದಿಸ್’ ಅಂತ ಒಂದು ಮಾತು ಸೇರಿಸಿ, ‘ಡು ಯು ಸ್ಮೋಕ್?’ ಅನ್ನಿ, ಉತ್ತರ ಬಂದ್ಮೇಲೆ ‘ಹೌ ಮಚ್ ಆಲ್ಕೋಹಾಲ್ ವುಡ್ ಯು ಡ್ರಿಂಕ್ ಇನ್ ಎ ಟಿಪಿಕಲ್ ವೀಕ್?’ ‘ಯು ಡೋಂಟ್ ಡ್ರಿಂಕ್, ನೋ?’ ಅಂದ್ರೆ ಯಾರ್ ತಾನೇ ಹೌದು ಅಂತಾರೆ. ಕೊನೆಗೆ ‘ಎನಿ ಡೌಟ್ಸ್?’ ಬದಲು ‘ಡು ಯು ಹ್ಯಾವ್ ಎನಿ ಕ್ವೆಶ್ಚನ್ಸ್?’, ಡೌಟ್ ಅಂದ್ರೆ ಅವರು ನಿಮ್ಮ ಮೇಲೇನೋ ಅನುಮಾನ ಇದ್ಯಾ ಅಂತ ಕೇಳ್ತಿದ್ದೀರ ಅಂದ್ಕೋಬಹುದು.