ಮಟ್ಟಿಯಿಂದ ಮ್ಯಾಟಿಗೆ: ತುಮಕೂರು ಸೀಮೆಯ ಉಸ್ತಾದರು ಹಿಂದೆ ಬಿದ್ದದ್ದು ಹೇಗೆ

ತುಮಕೂರು ಸೀಮೆಯ ಪೈಲ್ವಾನರೆಲ್ಲ ಬೆಳ್ಳಿ ಗದೆ ಗೆದ್ದವರಲ್ಲ. ಊರಿಂದೂರಿಗೆ ಜಾತ್ರೆ ಕುಸ್ತಿಗೆ ಹೋಗಿ, ಕಟ್ಟಿಕೊಟ್ಟ ಜೋಡಿಯ ಎದುರು ಸೆಣಸಿ, ಇನಾಮು ತಂದವರೇ ಹೆಚ್ಚು. ದೊಡ್ಡ ಹೆಸರಿನ ಎದುರಾಳಿಗೆ ಇಪ್ಪತ್ತು ನಿಮಿಷ ಚಿತ್ ಆಗದೆ, ಅಂದರೆ ಎರಡೂ ಭುಜ ನೆಲಕ್ಕೆ ಒತ್ತಿಸಿಕೊಳ್ಳದೆ, ನಿಲ್ಲಬಲ್ಲವನಿಗೆ ಕರೆ ತಪ್ಪುತ್ತಿರಲಿಲ್ಲ. ಮೈ ಸೋತ ಮೇಲೆ ಅಂಥವನೇ ಗರಡಿಯ ಉಸ್ತಾದ್, ಕುಸ್ತಿ ಕಲಿಸುವ ಗುರು.

ಈ ಬದುಕಿಗೆ ಆಸರೆಯಾಗಿದ್ದದ್ದು ಮೈಸೂರು ಸಂಸ್ಥಾನ. ಅರಮನೆ ಕುಸ್ತಿಯನ್ನು ಪೋಷಿಸುತ್ತಿತ್ತು, ದಸರೆಯ ಅಖಾಡ ಪೈಲ್ವಾನನ ವರ್ಷದ ಗುರಿಯಾಗಿತ್ತು. ಸಂಸ್ಥಾನ ಹೋಯಿತು, 1971ರಲ್ಲಿ ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವೂ ರದ್ದಾಯಿತು. ಉಳಿದದ್ದು ಜಾತ್ರೆ ಸಮಿತಿಗಳ ಇನಾಮು. ಇದರ ನಡುವೆ 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಗಿ, ತರಬೇತುದಾರನಾಗಲು ಡಿಪ್ಲೊಮಾ ಎಂಬ ದಾರಿ ತೆರೆಯಿತು. ಗರಡಿಯಲ್ಲೇ ಕಲಿತು ಗರಡಿಯಲ್ಲೇ ಕಲಿಸಿದ ಉಸ್ತಾದನ ಕೈಯಲ್ಲಿ ಆ ಕಾಗದ ಇರಲಿಲ್ಲ.

ಅವನ ವಿದ್ಯೆ ಶುರುವಾಗುವುದೇ ಮಣ್ಣಿನಿಂದ. ಮಟ್ಟಿಗೆ, ಅಂದರೆ ಕುಸ್ತಿಯಾಡುವ ಮಣ್ಣಿನ ಅಂಕಣಕ್ಕೆ, ಜರಡಿ ಹಿಡಿದ ಕೆಮ್ಮಣ್ಣು ಬೇಕು. ಕೆರೆ ಗೋಡು ಹಾಕಿದರೆ ಒಣಗಿದಾಗ ಹೆಂಟೆಗಟ್ಟಿ ಮೈ ತರಚುತ್ತದೆ. ಮಣ್ಣಿಗೆ ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸುತ್ತಾರೆ. ತಾಲೀಮಿಗೆ ಮುಂಚೆ ಗುದ್ದಲಿಯಿಂದ ಅಗೆದು ಸಡಿಲ ಮಾಡಬೇಕು, ಇಲ್ಲದಿದ್ದರೆ ಎತ್ತಿ ಒಗೆದವನ ಭುಜ ಹೋಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು, ಹದ ಅಷ್ಟೇ. ನೀರು ಕಡಿಮೆಯಾದರೆ ಧೂಳು ಮೂಗಿಗೆ, ಹೆಚ್ಚಾದರೆ ಕಾಲು ಜಾರುತ್ತದೆ.

ಹೀಗೆ ಬೆಳೆದ ಹುಡುಗ ಇಂದಿನ ಸ್ಪರ್ಧೆಗಳ ಮೆತ್ತೆ ಹಾಸು, ಅಂದರೆ ಮ್ಯಾಟ್ ಹತ್ತಿದಾಗ ಸೋಲುವುದು ಬಲ ಸಾಲದೆ ಅಲ್ಲ. ಮಟ್ಟಿಯಲ್ಲಿ ಚಿತ್ ಆಗುವ ತನಕ ಸೋಲಿಲ್ಲ, ಬೆನ್ನ ಮೇಲೆ ಉರುಳಿ ಪಟ್ಟು ಬಿಡಿಸಿಕೊಳ್ಳುವುದು ಜಾಣತನ. ಮ್ಯಾಟ್ ಮೇಲೆ ಹಾಗೆ ಬೆನ್ನು ನೆಲದ ಕಡೆಗೆ ಹೊರಳಿದರೆ ಎದುರಾಳಿಗೆ 2 ಅಂಕ. 9 ಮೀಟರ್ ವ್ಯಾಸದ ವೃತ್ತದಿಂದ ಕಾಲು ಹೊರಗಿಟ್ಟರೆ 1. ಕಾಲು ಹಿಡಿಯಲೂ ಬಿಡುವ ಫ್ರೀಸ್ಟೈಲ್ ಕುಸ್ತಿಯಲ್ಲಿ 10 ಅಂಕದ ಅಂತರವಾದರೆ ಆಟ ಅಲ್ಲಿಗೇ ಮುಗಿಯಿತು. ಇರುವುದೇ ಮೂರು ಮೂರು ನಿಮಿಷದ ಎರಡು ಸುತ್ತು. ಎದುರಾಳಿಯನ್ನು ದಣಿಸಿ ಕೊನೆಗೆ ಕೆಡವುವ ಮಟ್ಟಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಂಡಿಯ ವಿಷಯದಲ್ಲೂ ಎಚ್ಚರ ಬೇಕು: ಮಣ್ಣಿನಲ್ಲಿ ಪಾದ ಜಾರಿ ತಿರುವು ಸಡಿಲವಾಗುತ್ತದೆ, ಮ್ಯಾಟ್‌ನಲ್ಲಿ ಶೂ ಕಚ್ಚಿಕೊಂಡು ಮಂಡಿಯೇ ತಿರುಚುತ್ತದೆ.

ಖಾಶಾಬಾ ಜಾಧವ್ ಅವರೂ ಮಣ್ಣಿನಿಂದಲೇ ಬಂದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರೂಢಿಯಿಲ್ಲದ ಮ್ಯಾಟ್ ಮೇಲೆ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಮಣ್ಣಿನ ವಿದ್ಯೆ ಅಡ್ಡಿಯಲ್ಲ, ನಿಯಮ ಕಲಿಸುವವರು ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾಗಿ ಉಸ್ತಾದರನ್ನು ಬದಿಗೆ ಸರಿಸಿದ್ದು ನಷ್ಟವೇ. ಬೀಳುವಾಗ ಗದ್ದ ಎದೆಗೆ ಒತ್ತಿಕೊಳ್ಳುವುದು, ಕತ್ತು ಬಲಿಯದ ಹುಡುಗನಿಗೆ ತಲೆ ಮತ್ತು ಕಾಲಿನ ಮೇಲೆ ಮೈ ಬಿಲ್ಲಾಗಿಸುವ ಸೇತುವೆ ಹಾಕಿಸದಿರುವುದು, ದಂಡ ಬಸ್ಕಿ ಎಣಿಕೆಯನ್ನು ವಯಸ್ಸು ನೋಡಿ ಏರಿಸುವುದು ಅವರಿಗೆ ರೂಢಿಗತ. ಒಂದನ್ನು ಮಾತ್ರ ಅವರು ಬಿಡಬೇಕು: ಊದಿದ ಕಿವಿಯನ್ನು ಪೈಲ್ವಾನನ ಗುರುತೆಂದು ಹೆಮ್ಮೆಪಡುವುದು. ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ನಿಂತು ಆದ ಊತ ಅದು. ಮೊದಲ ದಿನಗಳಲ್ಲೇ ಆ ರಕ್ತವನ್ನು ವೈದ್ಯರಿಂದ ತೆಗೆಸಿ ಬಿಗಿ ಪಟ್ಟಿ ಕಟ್ಟಿಸಬೇಕು, ತಡವಾದರೆ ಗಟ್ಟಿಯಾಗಿ ಕಿವಿ ಶಾಶ್ವತವಾಗಿ ಮುದುಡುತ್ತದೆ.