ನೆರೆ ನಕ್ಷೆಯ ಅಂಚಿನ ಗೆರೆಯನ್ನು ಎಷ್ಟು ನಂಬಬಹುದು?

ನಗರದ ನೆರೆ ನಕ್ಷೆಯನ್ನು ಕೈಗೆತ್ತಿಕೊಂಡವರು ಮೊದಲು ಹುಡುಕುವುದು ನೀಲಿ ಬಣ್ಣ ಎಲ್ಲಿಗೆ ಮುಗಿಯುತ್ತದೆ, ತಮ್ಮ ನಿವೇಶನ ಅದರ ಯಾವ ಬದಿಗಿದೆ ಎಂಬುದನ್ನು. ನಕ್ಷೆ ತಯಾರಿಸುವ ನಮಗೆ ತೀರಾ ಕಡಿಮೆ ಭರವಸೆ ಇರುವುದೂ ಆ ಅಂಚಿನ ಬಗ್ಗೆಯೇ.

ಕೆಲಸ ಆರಂಭವಾಗುವುದು ನದಿಯ ಮಾಪನ ಕೇಂದ್ರದ ದಾಖಲೆಗಳಿಂದ. ಪ್ರತಿ ವರ್ಷದ ಗರಿಷ್ಠ ಹರಿವನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ವಿಶ್ಲೇಷಿಸಿ, ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ಶೇ 1ರಷ್ಟಿರುವ ಹರಿವನ್ನು ಅಂದಾಜಿಸುತ್ತೇವೆ. ಇದನ್ನು ‘ನೂರು ವರ್ಷದ ನೆರೆ’ ಎಂದು ಕರೆಯುವುದರಿಂದ, ಒಮ್ಮೆ ಬಂದು ಹೋದರೆ ಶತಮಾನವಿಡೀ ನಿಶ್ಚಿಂತೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ 30 ವರ್ಷಗಳ ಅವಧಿಯಲ್ಲಿ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ 26. ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಕಾಂಕ್ರೀಟ್ ಹೆಚ್ಚಿದ್ದರೆ ಮಳೆನೀರು ಇಂಗದೆ ನದಿಗೆ ಹರಿದುಬರುವುದರಿಂದ ಹಳೆಯ ದಾಖಲೆಗಳು ಇಂದಿನ ಹರಿವನ್ನು ಕಡಿಮೆ ಮಾಡಿ ತೋರಿಸುತ್ತವೆ.

ಇದಕ್ಕಿಂತ ದೊಡ್ಡ ತೊಡಕು ನೆಲದ ಎತ್ತರದ್ದು. 2000ನೇ ಇಸವಿಯಲ್ಲಿ ಬಾಹ್ಯಾಕಾಶದಿಂದ ರಾಡಾರ್ ಮೂಲಕ ಅಳೆದ, ಉಚಿತವಾಗಿ ಸಿಗುವ ದತ್ತಾಂಶದಲ್ಲಿ ಮೀಟರ್‌ಗಟ್ಟಲೆ ದೋಷವಿರುತ್ತದೆ. ಕಟ್ಟಡಗಳು ಒತ್ತಾಗಿರುವಲ್ಲಿ ಚಾವಣಿಯ ಎತ್ತರವೂ ನೆಲದ ಎತ್ತರದೊಂದಿಗೆ ಬೆರೆತಿರುತ್ತದೆ. ಸಾವಿರಕ್ಕೆ ಒಂದರಷ್ಟು ಇಳಿಜಾರಿರುವ ಬಯಲಿನಲ್ಲಿ ನೀರಿನ ಮಟ್ಟದ ಅಂದಾಜು 30 ಸೆಂ.ಮೀ. ತಪ್ಪಿದರೂ ನೆರೆಯ ಅಂಚು 300 ಮೀಟರ್ ಆಚೀಚೆ ಸರಿಯುತ್ತದೆ, ಅಂದರೆ ಹಲವು ಬೀದಿಗಳೇ ಒಳಗಾಗುತ್ತವೆ ಅಥವಾ ಹೊರಗುಳಿಯುತ್ತವೆ. ಆದ್ದರಿಂದ ಹಣ ಸೀಮಿತವಾಗಿದ್ದರೆ ದುಬಾರಿ ತಂತ್ರಾಂಶಕ್ಕಿಂತ ಮೊದಲು ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಎತ್ತರ ಅಳೆಯುವ ಲೈಡಾರ್ ಸಮೀಕ್ಷೆಗೆ ಖರ್ಚು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಲೈಡಾರ್‌ಗೂ ಸೇತುವೆಯಡಿಯ ತೆರಪು ಅಥವಾ ಮೋರಿಯ ಅಗಲ ಕಾಣುವುದಿಲ್ಲ. ಅವನ್ನು ಸ್ಥಳಕ್ಕೆ ಹೋಗಿಯೇ ಅಳೆಯಬೇಕು. ಮರದ ದಿಮ್ಮಿ, ಕಸ ಸಿಕ್ಕಿ ಸೇತುವೆಯ ಕಂಡಿಗಳು ಅರ್ಧ ಮುಚ್ಚಿಕೊಂಡವೆಂದು ಭಾವಿಸಿ ಮತ್ತೊಮ್ಮೆ ಲೆಕ್ಕ ಹಾಕುವುದೂ ಅಗತ್ಯ.

ಹರಿವು ಮತ್ತು ನೆಲದ ಎತ್ತರವನ್ನು ಸೇರಿಸಿ ನೀರು ಎಲ್ಲಿಯವರೆಗೆ ಹರಡುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯ ಫಲಿತಾಂಶವನ್ನು ಹಿಂದಿನ ನೆರೆ ಗೋಡೆಗಳ ಮೇಲೆ ಬಿಟ್ಟ ಗುರುತುಗಳೊಂದಿಗೆ ಹೋಲಿಸದೆ ನಕ್ಷೆಯನ್ನು ಪ್ರಕಟಿಸಬಾರದು. ಆ ಗುರುತುಗಳನ್ನು ಮನೆಯವರು ತೊಳೆದು ಬಣ್ಣ ಬಳಿಯುವ ಮುನ್ನವೇ ದಾಖಲಿಸಿಕೊಳ್ಳಬೇಕು.

ಆಳವನ್ನಷ್ಟೇ ತೋರಿಸುವ ನಕ್ಷೆಯೂ ಸಾಲದು. ಸುಮಾರು 30 ಸೆಂ.ಮೀ. ನೀರಿನಲ್ಲೇ ಸಣ್ಣ ಕಾರು ತೇಲತೊಡಗಬಹುದು. ನದಿಯತ್ತ ಇಳಿಯುವ ಕಿರಿದಾದ ಬೀದಿಗಳಲ್ಲಿ ನೀರಿನ ವೇಗ ಹೆಚ್ಚಿ, ಮೊಣಕಾಲುದ್ದದ ಹರಿವೂ ಜನರ ಕಾಲು ಕೀಳಬಲ್ಲದು. ಹಾಗಾಗಿ ಅಪಾಯದ ವಲಯಗಳನ್ನು ಆಳ ಮತ್ತು ವೇಗ ಎರಡನ್ನೂ ಸೇರಿಸಿ ಗುರುತಿಸಬೇಕು, ಅಂಚನ್ನು ಒಂದೇ ಗೆರೆಯ ಬದಲು ಅನಿಶ್ಚಿತತೆಯ ಪಟ್ಟಿಯಾಗಿ ತೋರಿಸಬೇಕು. ಆಸ್ಪತ್ರೆ, ವಿದ್ಯುತ್ ಉಪಕೇಂದ್ರಗಳಿಗೆ ಜಾಗ ಗೊತ್ತುಮಾಡುವಾಗ ಆ ಪಟ್ಟಿಯ ಹೊರ ಅಂಚನ್ನೇ ಲೆಕ್ಕಕ್ಕೆ ಹಿಡಿಯಬೇಕು.